ಪಟ್ಟಿನ ಬೆಲೆ: ವೃತ್ತಿಪರ ಕುಸ್ತಿ ಅಂದು, ಇಂದು

ತೊಂಬತ್ತರ ದಶಕದಲ್ಲಿ ಕೇಬಲ್ ಟೀವಿ ನೋಡಿ, ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡ್ ಆಡಿ ಬೆಳೆದವರಿಗೆ ಅಂಡರ್‌ಟೇಕರ್, ಬ್ರೆಟ್ ಹಾರ್ಟ್ ಎಂಬ ಹೆಸರುಗಳು ಹೊಸವಲ್ಲ. ಅಂಥವರು ಇವತ್ತಿನ ಪಂದ್ಯ ನೋಡಿದರೆ ಎರಡರಲ್ಲಿ ಒಂದು ಮಾತು ಬರುತ್ತದೆ: "ಅಬ್ಬಾ, ಏನು ವೇಗ!" ಇಲ್ಲವೇ "ಹಳಬರ ಗತ್ತು ಇವರಿಗಿಲ್ಲ." ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಬದಲಾದದ್ದು ಏನು, ಏಕೆ ಎಂದು ಬಿಡಿಸಿ ನೋಡಿದವರು ಎರಡೂ ಕಾಲದ ಆಟವನ್ನು ಹೆಚ್ಚು ಸವಿಯುತ್ತಾರೆ. ಈ ಆಟವನ್ನು ಈಗಷ್ಟೇ ನೋಡತೊಡಗಿದವರಿಗಾಗಿ ಆ ಬಿಡಿಸುವ ಕೆಲಸವನ್ನು ಇಲ್ಲಿ ಮೆಲ್ಲಗೆ ಮಾಡೋಣ.

ಮೊದಲು ನಾಲ್ಕು ಮಾತು

ವೃತ್ತಿಪರ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮುಂಚೆಯೇ ತೀರ್ಮಾನವಾಗಿರುತ್ತದೆ. ಮೈಸೂರು ದಸರಾದ ಅಖಾಡಕ್ಕೂ ಇದಕ್ಕೂ ಇರುವ ಮೂಲ ವ್ಯತ್ಯಾಸ ಇದೇ. ಇಲ್ಲಿ ಎದುರಾಳಿಯನ್ನು ಎತ್ತಿ ಒಗೆಯುವವನೇ ಅವನ ಕತ್ತು ಕಾಯುವ ಹೊಣೆಯನ್ನೂ ಹೊತ್ತಿರುತ್ತಾನೆ. ಬೀಳುವವನು ಏಟಿನ ಭಾರ ಬೆನ್ನಿನ ಅಗಲಕ್ಕೆಲ್ಲ ಹಂಚಿಹೋಗುವಂತೆ ಬೀಳುವುದನ್ನು ವರ್ಷಗಟ್ಟಲೆ ಕಲಿತಿರುತ್ತಾನೆ. ಬೀಳುವುದು ನಿಜ, ನೋವೂ ನಿಜ; ಸೋಲು ಗೆಲುವು ಮಾತ್ರ ಕಥೆಗೆ ಸೇರಿದ್ದು. ಹಾಗಾಗಿ ಒಬ್ಬ ಕುಸ್ತಿಪಟುವಿನ ಕಸುಬನ್ನು ಅಳೆಯಬೇಕಾದದ್ದು ಅವನು ಎಷ್ಟು ಗೆದ್ದ ಎಂಬುದರಿಂದಲ್ಲ, ಆ ಕಥೆಯನ್ನು ಎಷ್ಟು ನಂಬಿಸಿದ ಎಂಬುದರಿಂದ.

ಈ ಆಟದ ಮಾತಿನಲ್ಲಿ ನಾಲ್ಕು ಪದಗಳು ಮತ್ತೆ ಮತ್ತೆ ಬರುತ್ತವೆ. ಜನ ಮೆಚ್ಚುವ ನಾಯಕ ಬೇಬಿಫೇಸ್. ಜನರಿಂದ ಬೈಸಿಕೊಳ್ಳಬೇಕಾದ ಖಳ ಹೀಲ್. ಬಿದ್ದ ಏಟಿನ ನೋವನ್ನು ಮೈಯಲ್ಲಿ, ಮುಖದಲ್ಲಿ ತೋರಿಸುವುದು ಸೆಲ್ಲಿಂಗ್. ಪಂದ್ಯ ಮುಗಿಸಲೆಂದು ಇಟ್ಟುಕೊಂಡ ಕೊನೆಯ ಪಟ್ಟು ಫಿನಿಶರ್.

ಹಿಡಿತವೇ ಆಟವಾಗಿದ್ದ ಕಾಲ

ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿ ಕುಸ್ತಿ ಬಹಳ ನಿಧಾನದ ಆಟ. 1908ರಲ್ಲಿ ಷಿಕಾಗೋದಲ್ಲಿ ಫ್ರಾಂಕ್ ಗಾಚ್ ಮತ್ತು ಜಾರ್ಜ್ ಹ್ಯಾಕನ್‌ಶ್ಮಿಟ್ ಸುಮಾರು ಎರಡು ಗಂಟೆ ಸೆಣಸಿದರು. 1916ರಲ್ಲಿ ಓಮಹಾದಲ್ಲಿ ಎಡ್ ಲೂಯಿಸ್ ಮತ್ತು ಜೋ ಸ್ಟೆಕರ್ ಹೆಚ್ಚುಕಡಿಮೆ ಐದು ಗಂಟೆ ಒಬ್ಬರನ್ನೊಬ್ಬರು ಹಿಡಿದು ಕಾದು, ಪಂದ್ಯ ಸಮವಾಗಿ ಮುಗಿಯಿತು. ಕಾಸು ಕೊಟ್ಟು ಬಂದ ಜನರ ತಾಳ್ಮೆಗೆ ಇದು ಮೀರಿದ್ದು. 1920ರ ದಶಕದಲ್ಲಿ ಇದೇ ಲೂಯಿಸ್, ಟೂಟ್ಸ್ ಮಾಂಟ್ ಮತ್ತು ಬಿಲ್ಲಿ ಸ್ಯಾಂಡೋ ಸೇರಿ ಆಟದ ಸ್ವರೂಪವನ್ನೇ ಬದಲಿಸಿದರು. ಪಂದ್ಯಕ್ಕೆ ಸಮಯದ ಮಿತಿ ಬಂತು. ಎತ್ತಿ ಒಗೆಯುವ ಪಟ್ಟುಗಳು ಹೆಚ್ಚಿದವು. ಕಣ್ಣಿಗೆ ಹಬ್ಬವಾಗುವಂಥದ್ದಕ್ಕೆ ಆದ್ಯತೆ ಸಿಕ್ಕಿತು. "ಹೊಸಬರು ಶುದ್ಧ ಕುಸ್ತಿಯನ್ನು ಕೆಡಿಸಿದರು" ಎಂಬ ದೂರಿಗೆ ಹೀಗೆ ನೂರು ವರ್ಷದ ವಯಸ್ಸು.

ಆದರೂ ಪಟ್ಟು, ಬಿಗಿತಗಳ ಅಡಿಪಾಯ ಉಳಿಯಿತು. 1937ರಲ್ಲಿ, 21ರ ಹರೆಯದಲ್ಲೇ ವಿಶ್ವ ಚಾಂಪಿಯನ್ ಎನಿಸಿದ ಲೂ ಥೆಸ್ ಅದರ ದೊಡ್ಡ ಪ್ರತಿನಿಧಿ. 1968ರಲ್ಲಿ ಮುಂಬಯಿಯಲ್ಲಿ ನಮ್ಮ ದಾರಾ ಸಿಂಗ್ ಎದುರು ಆಡಿದವರು ಇವರೇ. ಥೆಸ್ ಕೈ ತಿರುಚಿದರೆ ಅದು ನಿಜವಾಗಿಯೂ ಮುರಿದೀತೆಂದು ನೋಡುವವನಿಗೆ ಅನಿಸುತ್ತಿತ್ತು, ಏಕೆಂದರೆ ಮುರಿಯುವ ವಿದ್ಯೆ ಅವರಿಗೆ ಗೊತ್ತಿತ್ತು. 1963ರಲ್ಲಿ ಬಡ್ಡಿ ರಾಜರ್ಸ್‌ರನ್ನು 48 ಸೆಕೆಂಡುಗಳಲ್ಲಿ ಮಣಿಸಿದ ಬ್ರೂನೋ ಸಮಾರ್ಟಿನೊ ಏಳು ವರ್ಷಕ್ಕೂ ಹೆಚ್ಚು ಕಾಲ ಪಟ್ಟ ಉಳಿಸಿಕೊಂಡರು. ಅವರ ಬಳಿ ಇದ್ದ ಪಟ್ಟುಗಳು ಕೆಲವೇ: ತಬ್ಬಿ ಹಿಚುಕುವುದು, ಬೆನ್ನು ಬಗ್ಗಿಸುವುದು, ಗುದ್ದು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬಲು ಅಷ್ಟೇ ಸಾಕಾಗಿತ್ತು.

ಒಬ್ಬನೇ ಆಟಗಾರ, ಎರಡು ಬಗೆ

ಹಳೆಯದಕ್ಕೂ ಹೊಸದಕ್ಕೂ ಇರುವ ಭೇದವನ್ನು ರಿಕಿ ಸ್ಟೀಮ್‌ಬೋಟ್ ಒಬ್ಬರ ಆಟದಲ್ಲೇ ಕಾಣಬಹುದು. 1987ರ ಮಾರ್ಚ್ 29ರಂದು ರೆಸಲ್‌ಮೇನಿಯಾ 3ರಲ್ಲಿ ಅವರು ರ‍್ಯಾಂಡಿ ಸ್ಯಾವೇಜ್ ಎದುರು ಆಡಿದರು. ಹಲ್ಕ್ ಹೋಗನ್ ದೈತ್ಯ ಆಂದ್ರೆಯನ್ನು ಎತ್ತಿ ಒಗೆದದ್ದು ಅದೇ ದಿನ. ಸ್ಯಾವೇಜ್ ಪಂದ್ಯದ ಪ್ರತಿ ಹೆಜ್ಜೆಯನ್ನೂ ಹಾಳೆಗಳ ಮೇಲೆ ಕ್ರಮವಾಗಿ ಬರೆದು, ಸ್ಟೀಮ್‌ಬೋಟ್ ಜೊತೆ ಕೂತು ಬಾಯಿಪಾಠ ಮಾಡಿಸಿದ್ದರು. ಹದಿನಾಲ್ಕೂವರೆ ನಿಮಿಷದ ಆ ಪಂದ್ಯದಲ್ಲಿ ಒಂದು ಕ್ಷಣವೂ ಪೋಲಾಗುವುದಿಲ್ಲ. ಇಂದಿನ ಶೈಲಿಯ ಬೇರುಗಳಲ್ಲಿ ಅದೂ ಒಂದು.

ಎರಡು ವರ್ಷ ಕಳೆದು, 1989ರಲ್ಲಿ ಅದೇ ಸ್ಟೀಮ್‌ಬೋಟ್ ರಿಕ್ ಫ್ಲೇರ್ ಎದುರು ಮೂರು ದೊಡ್ಡ ಪಂದ್ಯಗಳನ್ನಾಡಿದರು. ಫೆಬ್ರುವರಿಯಲ್ಲಿ ಷಿಕಾಗೋ, ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್, ಮೇನಲ್ಲಿ ನ್ಯಾಶ್‌ವಿಲ್. ಏಪ್ರಿಲ್ 2ರ ಪಂದ್ಯ ಸುಮಾರು 55 ನಿಮಿಷ ನಡೆಯಿತು. ಇಲ್ಲಿ ಬಾಯಿಪಾಠವಿರಲಿಲ್ಲ. ತಾಳಮದ್ದಳೆಯಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತು, ಅರ್ಥಧಾರಿಗಳ ಮಾತು ಮಾತ್ರ ಆ ಹೊತ್ತಿಗೆ ಹುಟ್ಟುತ್ತದೆ. ಫ್ಲೇರ್ ಮತ್ತು ಸ್ಟೀಮ್‌ಬೋಟ್ ಆಡಿದ್ದೂ ಹಾಗೆ. ಕತ್ತು ಬಿಗಿಹಿಡಿದು ನೆಲದ ಮೇಲಿರುವಾಗ ಕಿವಿಯಲ್ಲಿ ಪಿಸುಗುಟ್ಟಿ ಮುಂದಿನ ನಡೆ ತೀರ್ಮಾನಿಸುವುದು, ಜನ ಕೂಗಿದರೆ ಅದನ್ನೇ ಬೆಳೆಸುವುದು, ಜನ ತಣ್ಣಗಾದರೆ ದಾರಿ ಬದಲಿಸುವುದು. ಹೊಸ ನೋಡುಗರಿಗೆ ಬೇಸರ ತರಿಸುವ ಆ ದೀರ್ಘ ಹಿಡಿತಗಳು ದಣಿವಾರಿಸಿಕೊಳ್ಳುವ ಜಾಗವೂ ಹೌದು, ಮಾತುಕತೆಯ ಜಾಗವೂ ಹೌದು.

ಈ ವಿದ್ಯೆ ಬೆಳೆದದ್ದಕ್ಕೆ ಕಾರಣವಿದೆ. ಅದಕ್ಕೂ ಮೊದಲಿನ ದಶಕಗಳಲ್ಲಿ ಅಮೆರಿಕ ಪ್ರಾದೇಶಿಕ ಕುಸ್ತಿ ಕಂಪನಿಗಳಲ್ಲಿ ಹಂಚಿಹೋಗಿತ್ತು. ಚಾಂಪಿಯನ್ ಆದವನು ಊರೂರು ಅಲೆದು, ಆಯಾ ಊರಿನ ನಾಯಕನ ಎದುರು ಗಂಟೆಗಟ್ಟಲೆ ಆಡಬೇಕಿತ್ತು. ಒಂದೂರಿನ ಪಂದ್ಯವನ್ನು ಇನ್ನೊಂದೂರಿನವರು ನೋಡುತ್ತಿದ್ದುದು ಅಪರೂಪ. ಎಂಬತ್ತರ ದಶಕದಲ್ಲಿ ಡಬ್ಲ್ಯುಡಬ್ಲ್ಯುಎಫ್ ಕಂಪನಿ ದೇಶದಗಲ ಹರಡಿದಂತೆ ಆ ವ್ಯವಸ್ಥೆ ಕುಸಿಯಿತು. ಈಗ ಟೀವಿ ಜಾಹೀರಾತಿನ ಸಮಯಕ್ಕೆ ತಕ್ಕಂತೆ ಪಂದ್ಯ ಹೆಣೆಯಬೇಕು. ಆಡಿದ್ದೆಲ್ಲ ಆ ಕ್ಷಣವೇ ಲೋಕಕ್ಕೆಲ್ಲ ಕಾಣುತ್ತದೆ. ಹೀಗಾಗಿ ಮುಂಚಿತ ಯೋಜನೆ ಅನಿವಾರ್ಯವಾಯಿತು, ಹೊಸತನದ ಒತ್ತಡವೂ ಹೆಚ್ಚಿತು.

ಪಟ್ಟು ಅಗ್ಗವಾದ ಬಗೆ

ಎಂಬತ್ತರ ದಶಕದಲ್ಲಿ ಜೇಕ್ ರಾಬರ್ಟ್ಸ್ ಡಿಡಿಟಿ ಹಾಕಿದರೆಂದರೆ ಪಂದ್ಯ ಮುಗಿಯಿತೆಂದೇ ಅರ್ಥ. ಎದುರಾಳಿಯ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿ ಹಿಂದಕ್ಕೆ ಬೀಳುವ ಆ ಪಟ್ಟಿಗೆ ಜನ ಪಂದ್ಯದುದ್ದಕ್ಕೂ ಕಾಯುತ್ತಿದ್ದರು. ಇಂದು ಅದೇ ಡಿಡಿಟಿ ಪಂದ್ಯದ ನಡುವೆ ಬಂದುಹೋಗುವ ಹತ್ತರಲ್ಲಿ ಒಂದು. ತೊಂಬತ್ತರ ದಶಕದಲ್ಲಿ ಶಾನ್ ಮೈಕೆಲ್ಸ್ ಸೂಪರ್‌ಕಿಕ್ ಎಂಬ ತಮ್ಮ ಒದೆತದ ಫಿನಿಶರ್‌ಗೆ ಮೊದಲು ಮೂಲೆಯಲ್ಲಿ ನಿಂತು ಕಾಲಿನಿಂದ ನೆಲ ಬಡಿಯುತ್ತಿದ್ದರು. ಇಂದು ಯಂಗ್ ಬಕ್ಸ್ ಜೋಡಿ ಒಂದೇ ಪಂದ್ಯದಲ್ಲಿ ಅದನ್ನು ಸಾಲಾಗಿ ಹೊಡೆಯುತ್ತಾರೆ.

ಇದರ ಹಿಂದಿನ ಲೆಕ್ಕ ಸರಳ. ಫಿನಿಶರ್ ಬಿದ್ದ ಮೇಲೂ ಒಬ್ಬ ಮೂರನೆಯ ಎಣಿಕೆಗೆ ಮುನ್ನ ಭುಜ ಎತ್ತಿದರೆ ಸಭಾಂಗಣ ಸ್ಫೋಟಿಸುತ್ತದೆ. ಎರಡನೆಯ ಸಲವೂ ಚಪ್ಪಾಳೆ ಬರುತ್ತದೆ. ಹತ್ತನೆಯ ಸಲ ಜನರಿಗೆ ಅದು ರೂಢಿ. ಆಗ ಇನ್ನೂ ಎತ್ತರದಿಂದ, ಇನ್ನೂ ಅಪಾಯದ ಏನನ್ನಾದರೂ ಹುಡುಕಬೇಕಾಗುತ್ತದೆ.

ವೇಗ ಮತ್ತು ಹಾರಾಟ ಬಂದ ದಾರಿಯನ್ನೂ ಇಲ್ಲೇ ಗುರುತಿಸೋಣ. ಮೆಕ್ಸಿಕೋದ ಲುಚಾ ಲಿಬ್ರೆಯಲ್ಲಿ ಹಾರುವ ಪಟ್ಟುಗಳು ಅದಾಗಲೇ ಇದ್ದವು. 1981ರ ಏಪ್ರಿಲ್ 23ರಂದು ಟೋಕಿಯೋದಲ್ಲಿ ಟೈಗರ್ ಮಾಸ್ಕ್ ಮುಖವಾಡ ತೊಟ್ಟ ಸತೊರು ಸಯಾಮ ಇಂಗ್ಲೆಂಡಿನ ಡೈನಮೈಟ್ ಕಿಡ್ ಎದುರು ಆಡಿದಾಗ, ಹಾರಾಟದ ಜೊತೆಗೆ ಬಿರುಸಾದ ಏಟುಗಳೂ ಕೂಡಿಕೊಂಡವು. 2016ರ ಮೇನಲ್ಲಿ ಟೋಕಿಯೋದಲ್ಲೇ ವಿಲ್ ಆಸ್ಪ್ರೇ ಮತ್ತು ರಿಕೊಶೆ ಆಡಿದ ಪಂದ್ಯ ಆ ದಾರಿಯ ತುದಿ. ಇಬ್ಬರೂ ಒಟ್ಟಿಗೆ ಪಲ್ಟಿ ಹೊಡೆದು, ಒಟ್ಟಿಗೆ ನಿಂತು, ಒಬ್ಬರನ್ನೊಬ್ಬರು ದಿಟ್ಟಿಸಿದರು. ಹಳೆಯ ತಲೆಮಾರಿನ ವೇಡರ್ ಇದನ್ನು ಬಹಿರಂಗವಾಗಿ ಟೀಕಿಸಿದರು: ಇದು ಕಾಳಗವಲ್ಲ, ಜಿಮ್ನಾಸ್ಟಿಕ್ಸ್ ಎಂಬುದು ಅವರ ಆಕ್ಷೇಪದ ತಿರುಳು. ಭಾರೀ ಮೈಕಟ್ಟಿನ ವೇಡರ್ ಸ್ವತಃ ಹಗ್ಗದ ಮೇಲಿಂದ ಹಿಂದಕ್ಕೆ ಪಲ್ಟಿ ಹೊಡೆದು ಹೆಸರಾದವರು. ಅಂದರೆ ಅವರ ತಕರಾರು ಹಾರಾಟದ ಮೇಲಲ್ಲ. ಹಾರಾಟದಿಂದ ಎದುರಾಳಿಗೆ ಏನಾಯಿತೆಂದು ಕಾಣಿಸದಿದ್ದುದರ ಮೇಲೆ.

ಮೈ ತೆತ್ತ ಬೆಲೆ

ಪಟ್ಟುಗಳ ಅಪಾಯದ ಈ ಏರಿಕೆಗೆ ನಿಜವಾದ ಬೆಲೆ ತೆತ್ತವರಿದ್ದಾರೆ, ಅವರನ್ನು ಮರೆತು ಈ ಆಟವನ್ನು ಕಲಿಯಬಾರದು. ತೊಂಬತ್ತರ ದಶಕದ ಜಪಾನಿನಲ್ಲಿ ಮಿಸಾವಾ, ಕವಾಡಾ, ಕೊಬಾಶಿ, ತಾವೆ ಎಂಬ ನಾಲ್ವರು ಆಡಿದ ಪಂದ್ಯಗಳನ್ನು ಬಲ್ಲವರು ಇಂದಿಗೂ ಶಿಖರವೆನ್ನುತ್ತಾರೆ. ಆ ಪಂದ್ಯಗಳಲ್ಲಿ ಕತ್ತು, ತಲೆಯ ಮೇಲೆ ಬೀಳುವ ಪಟ್ಟುಗಳು ಹೆಚ್ಚುತ್ತ ಹೋದವು. 2009ರ ಜೂನ್ 13ರಂದು ಹಿರೋಷಿಮಾದಲ್ಲಿ, ಎತ್ತಿ ಹಿಂದಕ್ಕೆ ಒಗೆಯುವ ಒಂದು ಸಾಮಾನ್ಯ ಸುಪ್ಲೆಕ್ಸ್‌ನ ಬಳಿಕ ಮಿಸಾವಾ ರಿಂಗಿನಲ್ಲೇ ಕುಸಿದು ತೀರಿಕೊಂಡರು. ಟೈಗರ್ ಮಾಸ್ಕ್ ಎದುರು ಮಿಂಚಿದ ಡೈನಮೈಟ್ ಕಿಡ್ ಕೊನೆಯ ವರ್ಷಗಳನ್ನು ಗಾಲಿಕುರ್ಚಿಯಲ್ಲಿ ಕಳೆದರು. 2010ರಲ್ಲಿ ಡಬ್ಲ್ಯುಡಬ್ಲ್ಯುಇ (ಹಿಂದಿನ ಡಬ್ಲ್ಯುಡಬ್ಲ್ಯುಎಫ್) ಕುರ್ಚಿಯಿಂದ ತಲೆಗೆ ಹೊಡೆಯುವುದನ್ನು ನಿಷೇಧಿಸಿತು. ಹಳೆಯ ಆಟದ ನಿಧಾನಕ್ಕೆ ಕಲೆಯ ಬೆಲೆಯಷ್ಟೇ ಅಲ್ಲ, ಮೈ ಉಳಿಸುವ ಬೆಲೆಯೂ ಇತ್ತೆಂಬುದು ಇಲ್ಲಿ ಮನದಟ್ಟಾಗುತ್ತದೆ.

ಹೊಸಬರ ಸಂಯಮ

ಹಾಗೆಂದು ಇಂದಿನವರೆಲ್ಲ ಸಂಯಮ ಬಿಟ್ಟವರೆನ್ನುವುದು ತಪ್ಪು. 2017ರ ಜನವರಿ 4ರಂದು ಟೋಕಿಯೋ ಡೋಮ್‌ನಲ್ಲಿ ಕೆನಡಾದ ಕೆನ್ನಿ ಒಮೆಗಾ ಮತ್ತು ಕಜುಚಿಕ ಒಕಾಡಾ 46 ನಿಮಿಷ ಆಡಿದರು. ಮೇಜು ಮುರಿಯಿತು, ಹಗ್ಗದ ತುದಿಯಿಂದ ಸುಪ್ಲೆಕ್ಸ್ ಬಿತ್ತು. ಇಷ್ಟೆಲ್ಲದರ ನಡುವೆ ಒಮೆಗಾಗೆ ತನ್ನ ಫಿನಿಶರ್ ಮಾತ್ರ ಹಾಕಲು ಕೊನೆಗೂ ಆಗಲಿಲ್ಲ. 2018ರ ಜೂನ್ 9ರಂದು ಒಸಾಕಾದಲ್ಲಿ ಒಕಾಡಾ ಎದುರೇ, ಗಂಟೆ ದಾಟಿದ ಪಂದ್ಯದ ಕೊನೆಗೆ ಒಮೆಗಾ ಅದೇ ಪಟ್ಟಿನಿಂದ ಪಟ್ಟ ಗೆದ್ದರು. ಒಂದು ಪಟ್ಟಿನ ಬೆಲೆಯನ್ನು ಒಂದೂವರೆ ವರ್ಷ ಕಾಪಾಡಿದ ಜಾಣ್ಮೆ ಥೆಸ್ ಮೆಚ್ಚುವಂಥದ್ದು.

ಆಸ್ಟ್ರಿಯಾದ ಗುಂತರ್ ಇನ್ನೊಂದು ಉದಾಹರಣೆ. ಅವರ ದೊಡ್ಡ ಅಸ್ತ್ರ ಅಂಗೈ ಏಟು, ಅಷ್ಟೇ. 2022ರ ಸೆಪ್ಟೆಂಬರ್ 3ರಂದು ಕಾರ್ಡಿಫ್‌ನಲ್ಲಿ ಶೇಮಸ್ ಎದುರು ಆಡಿದಾಗ ಎದುರಾಳಿಯ ಎದೆ ಕೆಂಪಗೆ ಕಂದಿತ್ತು, ಕ್ರೀಡಾಂಗಣ ಎದ್ದು ನಿಂತಿತ್ತು. ಕೆಲವೇ ಪಟ್ಟು, ಪ್ರತಿಯೊಂದಕ್ಕೂ ತೂಕ: ಸಮಾರ್ಟಿನೊ ಬದುಕಿದ್ದ ಸೂತ್ರವೇ ಇದು.

ಹೇಗೆ ನೋಡಬೇಕು

ಕಲಿಯುವವರಿಗೆ ಒಂದು ಕ್ರಮ ಹೇಳುತ್ತೇನೆ. ಮೊದಲು ಸ್ಯಾವೇಜ್–ಸ್ಟೀಮ್‌ಬೋಟ್ ನೋಡಿ, ಅದು ಚಿಕ್ಕದು, ಬೇಗ ಒಳಗೆ ಸೆಳೆಯುತ್ತದೆ. ಆಮೇಲೆ ಗುಂತರ್–ಶೇಮಸ್. ಕಣ್ಣು ಪಳಗಿದ ಮೇಲೆ ಒಮೆಗಾ–ಒಕಾಡಾ. ನ್ಯೂ ಆರ್ಲಿಯನ್ಸಿನ ಫ್ಲೇರ್–ಸ್ಟೀಮ್‌ಬೋಟ್ ಪಂದ್ಯವನ್ನು ಕೊನೆಗೆ, ಬಿಡುವು ಮಾಡಿಕೊಂಡು ನೋಡಿ.

ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಐದನೆಯ ನಿಮಿಷದಲ್ಲಿ ಕಾಲಿಗೆ ಬಿದ್ದ ಏಟು ಹದಿನೈದನೆಯ ನಿಮಿಷದಲ್ಲೂ ಕುಂಟಿಸುತ್ತಿದೆಯೇ? ಒಂದು ದೊಡ್ಡ ಪಟ್ಟು ಬಿದ್ದ ಮೇಲೆ ಅದು ಜನರ ಮನಸ್ಸಿಗಿಳಿಯಲು ಆಟಗಾರರು ಸಮಯ ಬಿಟ್ಟರೇ? ಕೊನೆಯ ಪಟ್ಟು ಹಿಂದಿನ ಎಲ್ಲದರ ಫಲವಾಗಿ ಬಂತೇ, ಅಥವಾ ಎಲ್ಲಿ ಬೇಕಾದರೂ ಬರಬಹುದಿತ್ತೇ? ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕರೆ ಆ ಪಂದ್ಯ ಯಾವ ದಶಕದ್ದಾದರೂ ಉತ್ತಮವೇ. ಆಟಗಾರರು ನೂರು ಪಟ್ಟು ಬಲ್ಲವರಾದರೂ, ಐದೇ ಬಲ್ಲವರಾದರೂ ಉತ್ತರ ಬದಲಾಗುವುದಿಲ್ಲ. ಹಳಬರ ಕಾಲದಲ್ಲೂ ಬೇಸರದ ಪಂದ್ಯಗಳು ಬೇಕಾದಷ್ಟಿದ್ದವು, ಇಂದೂ ಪೊಳ್ಳು ಹಾರಾಟ ಸಾಕಷ್ಟಿದೆ. ಈ ಮೂರು ಪ್ರಶ್ನೆಗಳು ಕೈಯಲ್ಲಿದ್ದರೆ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ.