ಮೂಗು ಕಾಯಬಹುದು, ಕಿವಿ ಕಾಯದು

ಪ್ರಶ್ನೆ: ಕೊರೊನಾ ವಾಸಿಯಾಗಿ ಎರಡು ತಿಂಗಳಾಯಿತು. ಒಗ್ಗರಣೆ ಸೀದರೂ ವಾಸನೆ ಗೊತ್ತಾಗುತ್ತಿಲ್ಲ. ನಾಲ್ಕು ದಿನದಿಂದ ಬಲಗಿವಿ ಗುಂಯ್ ಎನ್ನುತ್ತಿದೆ, ಸರಿಯಾಗಿ ಕೇಳಿಸುತ್ತಿಲ್ಲ. ಸಕ್ಕರೆ ಕಾಯಿಲೆಯೂ ಇದೆ. ಪರಿಚಯದವರೊಬ್ಬರು ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಎರಡೂ ಸರಿಹೋಗುತ್ತದೆ ಅನ್ನುತ್ತಾರೆ. ತಗೊಳ್ಳಬಹುದೇ ಡಾಕ್ಟ್ರೇ?
— ಓದುಗರು, ನಾಯಕನಹಟ್ಟಿ

ಉತ್ತರ: ನೀವಾಗಿ ತೆಗೆದುಕೊಳ್ಳಬೇಡಿ. ಮೂಗಿಗೂ ಕಿವಿಗೂ ಒಂದೇ ಮದ್ದು ಎಂಬ ಲೆಕ್ಕವೇ ತಪ್ಪು. ನೆಗಡಿಯಲ್ಲಿ ಮೂಗು ಕಟ್ಟಿ ವಾಸನೆ ಹೋಗುತ್ತದೆ. ಕೊರೊನಾದಲ್ಲಿ ಉಸಿರು ಸರಾಗವಾಗಿದ್ದರೂ ಹೋಗುತ್ತದೆ. ವೈರಸ್ ಮುಖ್ಯವಾಗಿ ಹೊಕ್ಕುವುದು ವಾಸನೆಯ ನರಕೋಶಗಳಿಗೆ ಆಸರೆಯಾಗಿರುವ ಜೀವಕೋಶಗಳನ್ನು. ಆಸರೆ ಕುಸಿದಾಗ ನರವೂ ಸೋಲುತ್ತದೆ. ಆದರೆ ಆ ನರಕೋಶಗಳು ಆಯುಷ್ಯವಿಡೀ ಹೊಸದಾಗಿ ಹುಟ್ಟುತ್ತಿರುತ್ತವೆ, ಹಾಗಾಗಿ ಬಹುಪಾಲು ಜನರಿಗೆ ವಾಸನೆ ನಿಧಾನವಾಗಿ ಮರಳುತ್ತದೆ. ನೆದರ್ಲೆಂಡ್ಸಿನ ವೈದ್ಯರು ಇಂಥವರಿಗೆ 10 ದಿನ, ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಔಷಧವಿಲ್ಲದ ಬರಿಮಾತ್ರೆ ನುಂಗಿದವರಿಗಿಂತ ಅವರಿಗೇನೂ ಹೆಚ್ಚು ಗುಣ ಕಾಣಲಿಲ್ಲ. ನಾನು ನಂಬುವುದು ಮೂಗಿನ ತಾಲೀಮನ್ನು. ಜರ್ಮನಿಯ ಥಾಮಸ್ ಹುಮ್ಮೆಲ್ 2009ರಲ್ಲಿ ಗುಲಾಬಿ, ನಿಂಬೆ, ಲವಂಗ, ನೀಲಗಿರಿಗಳಿಂದ ಇದನ್ನು ಪರೀಕ್ಷಿಸಿದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಂದೊಂದನ್ನೂ ಹದಿನೈದಿಪ್ಪತ್ತು ಸೆಕೆಂಡು ಮೂಸಿ, ಅದರ ಘಮವನ್ನು ನೆನಪಿಗೆ ತಂದುಕೊಳ್ಳಬೇಕು. ಮೂರು ತಿಂಗಳಾದರೂ ಬಿಡಬಾರದು. ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಸುಡುವ ಕೊಬ್ಬರಿಯ ಘಮ ನಿಮ್ಮೂರಿನವರಿಗೆ ಮರೆಯುವಂಥದ್ದಲ್ಲ. ಬೇಕಿದ್ದರೆ ಹುರಿದ ಕೊಬ್ಬರಿ ಚೂರೊಂದನ್ನೂ ಮೂಸಲು ಡಬ್ಬಿಯಲ್ಲಿಡಿ. ವಾಸನೆ ಮರಳುವವರೆಗೆ ಗ್ಯಾಸ್ ಸೋರಿಕೆಯನ್ನು ಮನೆಯ ಬೇರೆಯವರು ಗಮನಿಸಲಿ.

ಸ್ಟೀರಾಯ್ಡ್ ಕೊರೊನಾದಲ್ಲಿ ಜೀವ ಉಳಿಸಿತಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ ತೋರಿಸಿದ್ದು ಆಕ್ಸಿಜನ್ ಬೇಕಾದವರಿಗೆ ಡೆಕ್ಸಾಮೆಥಸೋನ್ ನೆರವಾಗುತ್ತದೆಂದು. ಆಕ್ಸಿಜನ್ ಬೇಡದವರಿಗೆ ಲಾಭವಿರಲಿಲ್ಲ. ಅದೇ ಔಷಧ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. 2021ರ ಮೇ ತಿಂಗಳಲ್ಲಿ ಕರ್ನಾಟಕವನ್ನು ನಡುಗಿಸಿದ ಕಪ್ಪು ಶಿಲೀಂಧ್ರಕ್ಕೆ ಹದವಾದ ನೆಲ ಇದೇ: ಹತೋಟಿ ತಪ್ಪಿದ ಸಕ್ಕರೆ ಮತ್ತು ಮಿತಿಮೀರಿದ ಸ್ಟೀರಾಯ್ಡ್. ಮಣ್ಣಿನಲ್ಲಿ, ಗಾಳಿಯಲ್ಲಿ ಎಲ್ಲೆಲ್ಲೂ ಇರುವ ಆ ಶಿಲೀಂಧ್ರ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ದುರ್ಬಲ ದೇಹದ ಮೂಗಿನಿಂದ ಕಣ್ಣಿಗೆ, ಮಿದುಳಿಗೆ ಏರುತ್ತದೆ. ಒಂದೇ ಕೆನ್ನೆಯ ನೋವು, ಮುಖದ ಊತ, ಮೂಗಿನಲ್ಲಿ ಕಪ್ಪು ಹಕ್ಕಳೆ, ಮೇಲ್ದವಡೆಯ ಹಲ್ಲು ಅಲುಗಾಡುವುದು, ಒಂದು ಎರಡಾಗಿ ಕಾಣುವುದು: ಇವುಗಳಲ್ಲಿ ಒಂದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಆಂಫೊಟೆರಿಸಿನ್ ಚುಚ್ಚುಮದ್ದಿನ ಜೊತೆಗೆ ಕೊಳೆತ ಭಾಗವನ್ನು ಕತ್ತರಿಸಿ ತೆಗೆಯದೆ ಅದು ವಾಸಿಯಾಗದು.

ಹಾಗಾದರೆ ಸ್ಟೀರಾಯ್ಡ್ ಮುಟ್ಟಲೇಬಾರದೇ? ಅದೂ ಅಲ್ಲ. ನಿಮ್ಮ ಕಿವಿಗೆ ಅದು ಬೇಕಾಗಬಹುದು. ಒಳಗಿವಿಯ ನರ ಸೋತು ದಿಢೀರನೆ ಶ್ರವಣ ತಗ್ಗಿದ್ದರೆ, ಮೊದಲ ಎರಡು ವಾರದೊಳಗೆ ಸ್ಟೀರಾಯ್ಡ್ ಆರಂಭಿಸಿದವರಿಗೇ ಚೇತರಿಕೆಯ ಅವಕಾಶ ಹೆಚ್ಚು. ಕಿವಿಯಲ್ಲಿ ಬರೀ ಗುಗ್ಗೆ ತುಂಬಿದ್ದರೂ ಮಂದವಾಗಿ ಕೇಳಿಸಬಹುದು; ನೋಡದೆ ಹೇಳಲಾಗದು. ಸಕ್ಕರೆ ಕಾಯಿಲೆಯಿರುವವರಿಗೆ ಮಾತ್ರೆಯ ಬದಲು ಕಿವಿತಮಟೆಯ ಮೂಲಕ ಔಷಧ ಚುಚ್ಚುವ ದಾರಿಯೂ ಇದೆ. ಈಗಾಗಲೇ ನಾಲ್ಕು ದಿನ ಕಳೆದಿದೆ. ನಾಳೆಯೇ ಚಿತ್ರದುರ್ಗಕ್ಕೆ ಹೋಗಿ ಕಿವಿ-ಮೂಗು-ಗಂಟಲು ತಜ್ಞರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಿ. ಸಕ್ಕರೆ ಪರೀಕ್ಷೆಯ ಚೀಟಿ ಕೈಯಲ್ಲಿರಲಿ.