ಯುದ್ಧ ಮುಗಿದ ಮೇಲೆ ಸೈನಿಕ

ಯುದ್ಧದ ಪಾಠದಲ್ಲಿ ನಾವು ಇಸವಿ, ಒಪ್ಪಂದ, ಸೋಲು-ಗೆಲುವುಗಳನ್ನು ಓದುತ್ತೇವೆ. ಮನೆಗೆ ಮರಳಿದ ಸೈನಿಕನ ಕಥೆ ಅಲ್ಲಿ ಸಿಗುವುದು ಕಡಿಮೆ.

ಮೊದಲ ಮಹಾಯುದ್ಧದಲ್ಲಿ ಗಾಯವಿಲ್ಲದ ಸೈನಿಕರೂ ನಡುಕ, ಮಾತು ನಿಲ್ಲುವುದು, ನಿದ್ರಾಹೀನತೆಯಿಂದ ಆಸ್ಪತ್ರೆ ಸೇರಿದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ಇದನ್ನು ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ವಿವರಿಸಿದರು. ಆದರೂ ಅನೇಕರಿಗೆ ಸಿಕ್ಕಿದ್ದು ‘ಹೇಡಿ’ ಎಂಬ ಪಟ್ಟ. ಪಲಾಯನ, ಹೇಡಿತನ ಮುಂತಾದ ಆರೋಪಗಳಿಗಾಗಿ ಬ್ರಿಟಿಷ್ ಸೇನೆ ಗುಂಡಿಟ್ಟು ಕೊಂದ 306 ಮಂದಿಗೆ ಕ್ಷಮೆ ದೊರೆತದ್ದು 2006ರಲ್ಲಿ!

ವಿಯೆಟ್ನಾಂಗೆ ಹೋದ ಅಮೆರಿಕದ ಸೈನಿಕ ಸಾಮಾನ್ಯವಾಗಿ ಒಂದು ವರ್ಷದ ಸರದಿ ಮುಗಿಸಿ, ವಿಮಾನವೇರಿ ಒಂದೆರಡು ದಿನಗಳಲ್ಲೇ ತಾಯ್ನಾಡು ತಲುಪುತ್ತಿದ್ದ. ಜೊತೆಗಾರರು ರಣರಂಗದಲ್ಲೇ ಉಳಿದಿರುತ್ತಿದ್ದರು. ಅಲ್ಲಿ ಜೀವ ಕಾಪಾಡಿದ ಎಚ್ಚರವೇ ಊರಿನಲ್ಲಿ ಹೊರೆಯಾಯಿತು: ಪಟಾಕಿ ಸದ್ದಿಗೆ ಬೆಚ್ಚುವುದು, ಜನಸಂದಣಿಯ ಭಯ, ದುಃಸ್ವಪ್ನ, ತಡೆಯಲಾಗದ ಸಿಟ್ಟು. ಮನೆಯವರಿಗೆ ಅರ್ಥವಾಗಲಿಲ್ಲ, ಅವನಿಗೆ ಹೇಳಲಾಗಲಿಲ್ಲ.

ದಾರಿ ತೋರಿದವರಲ್ಲಿ ಮಾಜಿ ಸೈನಿಕರೇ ಮೊದಲಿಗರು. 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರು ಒಟ್ಟಿಗೆ ಕುಳಿತು, ಮನೋವೈದ್ಯರ ಜೊತೆ ಮಾತನಾಡತೊಡಗಿದರು. 1979ರಲ್ಲಿ ಸರ್ಕಾರ ಸಲಹಾ ಕೇಂದ್ರಗಳನ್ನು ತೆರೆಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಈ ಸ್ಥಿತಿಯನ್ನು ‘ಪಿಟಿಎಸ್‌ಡಿ’ ಎಂಬ ಹೆಸರಿನಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಹೆಸರು ಬದಲಾದರೆ ಏನಾಗುತ್ತದೆ? ‘ಹೇಡಿ’ಗೆ ಶಿಕ್ಷೆ, ‘ರೋಗಿ’ಗೆ ಚಿಕಿತ್ಸೆ. ಅಪಘಾತ, ಪ್ರವಾಹ, ಗಲಭೆಗಳನ್ನು ಕಂಡವರಿಗೂ ಈ ತೊಂದರೆ ಬರಬಹುದು. ಅಂಥವರಿಗೆ ‘ಮರೆತುಬಿಡು’ ಎನ್ನುವ ಬದಲು, ತಾಳ್ಮೆಯಿಂದ ಕೇಳಿಸಿಕೊಳ್ಳೋಣ. ವೈದ್ಯರ ಬಳಿ ಹೋಗಲು ಜೊತೆಯಾಗೋಣ.

ಯೋಚಿಸಿ:
1. ಯುದ್ಧದಲ್ಲಿ ನೆರವಾದ ಗುಣ ಮನೆಯಲ್ಲಿ ತೊಂದರೆಯಾಗುವುದು ಏಕೆ?
2. ನಾವು ಯೋಚಿಸದೆ ಬಳಸುವ ಯಾವ ಹೆಸರುಗಳು ನೊಂದವರ ಬಾಯಿ ಕಟ್ಟುತ್ತವೆ?