ಕೋಲದ ಅಂಗಳದ ಸ್ಯಾಕ್ಸೋಫೋನ್: ಕೇಳಲು, ಊದಲು ಹೊಸಬರಿಗೆ ದಾರಿ

ಧರ್ಮಸ್ಥಳ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಸುತ್ತಿನ ಊರುಗಳಲ್ಲಿ ಸ್ಯಾಕ್ಸೋಫೋನ್ ಕೇಳಲು ಟಿಕೆಟ್ ತೆಗೆಯಬೇಕಾಗಿಲ್ಲ. ಮದುವೆ ಚಪ್ಪರದಲ್ಲಿ, ದೇವಸ್ಥಾನದ ಜಾತ್ರೆಯಲ್ಲಿ, ದೈವಾರಾಧನೆಯ ನರ್ತನವಾದ ಕೋಲದಲ್ಲಿ ಡೋಲಿನ ಜತೆ ಅದು ಇದ್ದೇ ಇರುತ್ತದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ಬ್ಯಾಂಡ್ ವಾದ್ಯ ತುಳುನಾಡಿನಲ್ಲಿ ಮಂಗಳವಾದ್ಯವೇ ಆಗಿಹೋಗಿದೆ. ಕಲಿಯಬೇಕೆಂಬ ಆಸೆ ಹುಟ್ಟಿದವರು ನೇರ ಅಂಗಡಿಗೆ ಹೋಗುತ್ತಾರೆ. ಮೊದಲು ಅಂಗಳಕ್ಕೆ ಹೋಗಿ ಎನ್ನುವುದು ನನ್ನ ಮಾತು. ಈ ವಾದ್ಯದ ಅರ್ಧ ಪಾಠ ಕಿವಿಯಲ್ಲೇ ಆಗಬೇಕು, ಅದೂ ಹತ್ತು ಅಡಿ ದೂರದಲ್ಲಿ ನಿಂತು.

ಹಂತ 1: ಕಾಲ, ಜಾಗ ಗೊತ್ತು ಮಾಡಿಕೊಳ್ಳಿ

ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದ ಪತ್ತನಾಜೆಗೆ, ಕೋಲ, ಜಾತ್ರೆ, ಯಕ್ಷಗಾನದ ಆಟ ಎಲ್ಲ ನಿಲ್ಲುತ್ತವೆ. ಮತ್ತೆ ಗೆಜ್ಜೆಯ ಸದ್ದು ಕೇಳುವುದು ದೀಪಾವಳಿ ಕಳೆದ ಮೇಲೆ. ಹಾಗಾಗಿ ನಿಮ್ಮ ಕೇಳ್ಮೆಯ ವರ್ಷ ಅಲ್ಲಿಂದ ಶುರುವಾಗಲಿ. ಧರ್ಮಸ್ಥಳದಲ್ಲಿ ಕಾರ್ತಿಕ ಮಾಸದ ಕೊನೆಗೆ ಲಕ್ಷದೀಪೋತ್ಸವ. ಹೊಸಕಟ್ಟೆ, ಕೆರೆಕಟ್ಟೆ, ಲಲಿತೋದ್ಯಾನ, ಕಂಚಿಮಾರುಕಟ್ಟೆ, ಗೌರಿಮಾರುಕಟ್ಟೆ ಎಂದು ದಿನಕ್ಕೊಂದು ಉತ್ಸವ, ಬಗೆಬಗೆಯ ವಾದ್ಯ. ಆದರೆ ಅಲ್ಲಿ ಜನಸಾಗರ. ಒಂದೇ ವಾದ್ಯದ ಮೇಲೆ ಕಿವಿ ನಿಲ್ಲಿಸುವುದು ಕಷ್ಟ. ಕಲಿಯುವವನಿಗೆ ನೂರಿನ್ನೂರು ಜನ ಸೇರುವ ಹಳ್ಳಿ ಕೋಲವೇ ಮೇಲು.

ಬಂಟ್ವಾಳ ತಾಲೂಕಿನ ಸಜೀಪಮೂಡಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಪಣೋಲಿಬೈಲು ಕಲ್ಲುರ್ಟಿ ದೈವಕ್ಕೆ ಕೋಲ, ಅಗೆಲು (ಎಡೆ) ಹರಕೆ ಹೇಳುವವರು ದೂರದೂರದಿಂದ ಬರುತ್ತಾರೆ. ಸ್ಯಾಕ್ಸೋಫೋನ್ ವಿದ್ವಾಂಸ ಕದ್ರಿ ಗೋಪಾಲನಾಥರು 1949ರಲ್ಲಿ ಹುಟ್ಟಿದ್ದೂ ಇದೇ ಗ್ರಾಮದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಮಗ ಅದಕ್ಕೆ ಕರ್ನಾಟಕ ಸಂಗೀತವನ್ನು ಒಗ್ಗಿಸಿದರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದ್ರಾಸಿನ ಟಿ.ವಿ. ಗೋಪಾಲಕೃಷ್ಣನ್ ಗೋಪಾಲನಾಥರ ಗುರುಗಳು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಇಂದು ಊರೂರಿನ ಹುಡುಗ ಹುಡುಗಿಯರು ಈ ವಾದ್ಯ ಹಿಡಿದಿದ್ದರೆ ಅದರ ಹಿಂದೆ ಅವರ ಉಸಿರಿದೆ.

ಹಂತ 2: ಎಲ್ಲಿ ನಿಲ್ಲಬೇಕು, ಏನು ಕೇಳಬೇಕು

ಚಪ್ಪಲಿ ಹೊರಗೆ ಬಿಟ್ಟು ಬನ್ನಿ. ಈಗ ಸಣ್ಣ ಕೋಲಕ್ಕೂ ದೊಡ್ಡ ಸ್ಪೀಕರ್ ಕಟ್ಟುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಮೈಕ್ ಇಲ್ಲದೆಯೇ ಬಯಲು ತುಂಬಬಲ್ಲ ವಾದ್ಯವಿದು. ಸ್ಪೀಕರಿನಿಂದ ದೂರ ಸರಿದು, ವಾದ್ಯದವರ ಪಕ್ಕಕ್ಕೆ, ಅವರ ಕೈಬೆರಳು ಕಾಣುವಲ್ಲಿ ನಿಲ್ಲಿ. ದೈವದ ದಾರಿಗೆ ಅಡ್ಡ ಬರಬೇಡಿ. ಮೊಬೈಲ್ ಕಿಸೆಯಲ್ಲಿರಲಿ. ಚಪ್ಪಾಳೆ ತಟ್ಟಬೇಡಿ, ಅದು ಕಛೇರಿಯಲ್ಲ, ಆರಾಧನೆ.

ದೈವದ ಆಭರಣ, ಆಯುಧಗಳ ಭಂಡಾರ ಬರುವಾಗಿನ ವಾದ್ಯ ಒಂದು ಬಗೆ, ಕಾಲಿಗೆ ಗಗ್ಗರ ಕಟ್ಟಿದ ಮೇಲಿನದು ಇನ್ನೊಂದು. ದೈವದ ಕಥೆಯ ಹಾಡಾದ ಪಾಡ್ದನ ಹೇಳುವಾಗ ಸ್ಯಾಕ್ಸೋಫೋನ್ ಸುಮ್ಮನಿರುತ್ತದೆ, ಆ ಮೌನವನ್ನೂ ಗಮನಿಸಿ. ದೈವ ನಲಿಕೆಗೆ ಇಳಿದಾಗ ಊದುವವನ ಕಣ್ಣು ಎಲ್ಲಿರುತ್ತದೆಂದು ನೋಡಿ. ಅದು ನರ್ತಿಸುವವರ ಪಾದದ ಮೇಲಿರುತ್ತದೆ. ಹೆಜ್ಜೆ ಚುರುಕಾದರೆ ಡೋಲು ಚುರುಕಾಗುತ್ತದೆ, ಅದರ ಬೆನ್ನಿಗೆ ಸ್ವರ. ಪುಸ್ತಕ ನೋಡಿ ಕಲಿತವನಿಗೆ ಇದು ಬಾರದು.

ಎಲ್ಲವನ್ನೂ ಒಂದೇ ರಾತ್ರಿ ಕೇಳಲು ಹೋಗಬೇಡಿ. ಒಂದು ಸಲ ಉಸಿರು ಎಲ್ಲಿ ತೆಗೆಯುತ್ತಾರೆಂಬುದನ್ನು ಮಾತ್ರ ಗಮನಿಸಿ. ಇನ್ನೊಂದು ಸಲ ಒಂದು ಸ್ವರದಿಂದ ಇನ್ನೊಂದಕ್ಕೆ ಹೇಗೆ ಜಾರುತ್ತಾರೆ ಎಂಬುದನ್ನು.

ಹಂತ 3: ವಾದ್ಯ ಆರಿಸಿ

ಹೊಸಬರಿಗೆ ಆಲ್ಟೊ ಸ್ಯಾಕ್ಸೋಫೋನ್ ಸಾಕು. ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ಮೌತ್‌ಪೀಸಿಗೆ ಕಟ್ಟಿದ ಬೆತ್ತದಂಥ ಒಂಟಿ ರೀಡಿನಿಂದ. ನಾಗಸ್ವರದ್ದು ಜೋಡಿ ಪೀಪಿ. ಹಳೆಯದನ್ನು ಕೊಳ್ಳುವುದಾದರೆ ಒಳಗೊಂದು ಸಣ್ಣ ಬಲ್ಬು ಇಳಿಸಿ, ಕೀಗಳನ್ನು ಒತ್ತಿ ನೋಡಿ. ಪ್ಯಾಡಿನ ಅಂಚಿನಿಂದ ಬೆಳಕು ಸೋರಿದರೆ ಗಾಳಿಯೂ ಸೋರುತ್ತದೆ. ರೀಡ್ 2ನೇ ನಂಬರಿನದಿರಲಿ. ಗಟ್ಟಿ ರೀಡ್ ಹೊಸಬರ ತುಟಿಯನ್ನು ಬೇಗ ದಣಿಸುತ್ತದೆ. ನುಡಿಸಿದ ಮೇಲೆ ರೀಡ್ ಬಿಚ್ಚಿ ಒರಸಿ, ಒಳಗೆ ಬಟ್ಟೆ ಎಳೆದು ಇಡಿ. ನಮ್ಮ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಪ್ಯಾಡಿಗೂ ಬೂಷ್ಟು ಹಿಡಿಯುತ್ತದೆ.

ಹಂತ 4: ಮೊದಲ ನಾದ

ಇಡೀ ವಾದ್ಯ ಜೋಡಿಸಬೇಡಿ. ಮೌತ್‌ಪೀಸ್ ಮತ್ತು ಬಾಗಿದ ನೆಕ್ ಮಾತ್ರ ಕೈಗೆತ್ತಿಕೊಳ್ಳಿ. ರೀಡನ್ನು ಬಾಯಲ್ಲಿ ಒದ್ದೆ ಮಾಡಿ ಕಟ್ಟಿ. ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಊರಲಿ, ಕೆಳತುಟಿ ಕೆಳಹಲ್ಲಿನ ಮೇಲೆ ತುಸು ಮಡಚಿ ರೀಡಿಗೆ ಮೆತ್ತೆಯಾಗಲಿ. ಕೆನ್ನೆ ಉಬ್ಬಬಾರದು. ಒಲೆಗೆ ಊದುಕೊಳವೆ ಹಿಡಿದು ಊದುವಾಗ ಬರುವಂತೆ ಉಸಿರು ಹೊಟ್ಟೆಯಿಂದ, ಒಂದೇ ಸಮನೆ ಬರಲಿ. ಕೀರಲು ಬಂದರೆ ಹೆಚ್ಚು ಕಚ್ಚಿದ್ದೀರಿ, ಬರೀ ಗಾಳಿ ಹೋದರೆ ತುಟಿ ಸಡಿಲಾಗಿದೆ. ಅಲುಗದ ಒಂದು ನಾದ ಸಿಕ್ಕುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಬೇಸರವೆನಿಸಿದರೂ ಇದರಲ್ಲೇ ಎಲ್ಲ ಇದೆ.

ಹಂತ 5: ಮೂರು ಸ್ವರ

ಈಗ ಇಡೀ ವಾದ್ಯ ಜೋಡಿಸಿ, ಅದರ ಪಟ್ಟಿ ಕೊರಳಿಗೆ ಹಾಕಿಕೊಳ್ಳಿ, ಭಾರವೆಲ್ಲ ಅದರ ಮೇಲಿರಲಿ. ಎಡಗೈ ಮೇಲೆ, ಬಲಗೈ ಕೆಳಗೆ. ಶ್ರುತಿಪೆಟ್ಟಿಗೆಯನ್ನು ಅಥವಾ ಮೊಬೈಲಿನ ತಂಬೂರವನ್ನು ಸಿ ಶ್ರುತಿಗೆ, ಅಂದರೆ ಒಂದು ಮನೆಗೆ ಇಡಿ. ಆಲ್ಟೊ ವಾದ್ಯದಲ್ಲಿ ಎಡಗೈಯ ತೋರುಬೆರಳು, ನಡುಬೆರಳು ಎರಡನ್ನೂ ಒತ್ತಿದರೆ ಅದೇ ಷಡ್ಜ. ನಡುಬೆರಳು ಎತ್ತಿದರೆ ಚತುಶ್ರುತಿ ರಿಷಭ. ಉಂಗುರದ ಬೆರಳನ್ನೂ ಸೇರಿಸಿ ಮೂರನ್ನು ಒತ್ತಿದರೆ ಕೆಳಗಿನ ಕೈಶಿಕಿ ನಿಷಾದ. ಸ, ರಿ, ಸ, ನಿ, ಸ. ಒಂದೊಂದು ಸ್ವರಕ್ಕೂ ಒಂದೊಂದು ಪೂರ್ತಿ ಉಸಿರು. ಶ್ರುತಿಯೊಳಗೆ ಸ್ವರ ಕರಗಿದಾಗ ಕಿವಿಗೆ ತಾನಾಗಿ ಗೊತ್ತಾಗುತ್ತದೆ. ಗುರುಗಳು ಬೇರೆ ಶ್ರುತಿ ಹೇಳಿದರೆ ಅದನ್ನೇ ಹಿಡಿಯಿರಿ.

ಎಡಗೈ ಹೆಬ್ಬೆರಳಿನ ಕೀ ಒತ್ತಿದರೆ ಬಹುಪಾಲು ಸ್ವರಗಳು ಅದೇ ಬೆರಳಿನಲ್ಲಿ ಒಂದು ಸ್ಥಾಯಿ ಮೇಲೇರುತ್ತವೆ. ಕ್ಲಾರಿಯೊನೆಟ್ಟಿನಲ್ಲಿ ಹೀಗಿಲ್ಲ. ಸ್ಯಾಕ್ಸೋಫೋನ್ ಕಲಿಯುವವರಿಗೆ ಇದು ದೊಡ್ಡ ಅನುಕೂಲ.

ಹಂತ 6: ಗಮಕಕ್ಕೆ ಅವಸರ ಬೇಡ

ನಾಗಸ್ವರದಲ್ಲಿ ಬೆರಳು ರಂಧ್ರದ ಮೇಲೆ ಅರ್ಧ ಸರಿದರೆ ಸ್ವರ ಜಾರುತ್ತದೆ, ಗಮಕಕ್ಕೆ ದಾರಿಯಾಗುತ್ತದೆ. ಸ್ಯಾಕ್ಸೋಫೋನಿನ ಕೀ ಮುಚ್ಚಿಯಾದರೂ ಇರುತ್ತದೆ, ತೆರೆದಾದರೂ ಇರುತ್ತದೆ. ಆ ನಡುವಿನ ದಾರಿಯನ್ನು ತುಟಿ, ದವಡೆ, ಗಂಟಲೇ ಹುಟ್ಟಿಸಬೇಕು. ಷಡ್ಜ ಊದುತ್ತಲೇ ದವಡೆಯನ್ನು ಕೂದಲೆಳೆಯಷ್ಟು ಇಳಿಸಿ, ಸ್ವರ ಬಾಗುತ್ತದೆ. ಮತ್ತೆ ಮೇಲಕ್ಕೆ ತನ್ನಿ. ಇದು ಕೈಗೂಡಿದ ಮೇಲೆ ಬೆರಳನ್ನು ಕೀಯಿಂದ ಮೆಲ್ಲನೆ ಬಿಡುವ ಅಭ್ಯಾಸ. ಸರಳೆ, ಜಂಟಿವರಸೆ ಮುಗಿಸದೆ ಸಿನಿಮಾ ಹಾಡಿಗೆ ಹಾರಿದವರ ಗಮಕ ಬರೀ ನಡುಕವಾಗಿ ಉಳಿಯುತ್ತದೆ.

ಹಂತ 7: ಗುರು

ತುಳುನಾಡಿನಲ್ಲಿ ತಲೆಮಾರುಗಳಿಂದ ದೇವಸ್ಥಾನ, ದೈವಸ್ಥಾನಗಳ ವಾದ್ಯಸೇವೆ ನಡೆಸಿಕೊಂಡು ಬಂದವರು ದೇವಾಡಿಗ ಸಮಾಜದವರು, ಶೇರಿಗಾರರು. ಗುರುವನ್ನು ಅವರಲ್ಲೇ ಹುಡುಕಿ, ಆದರೆ ಕೋಲದ ಮಧ್ಯೆ ಮಾತಾಡಿಸಬೇಡಿ. ಬೆಳಗಿನ ಜಾವ ಎಲ್ಲ ಮುಗಿದು ಅವರು ಚಾ ಕುಡಿಯುವಾಗ ಹತ್ತಿರ ಹೋಗಿ, “ಅಣ್ಣೇರೆ” ಎಂದು ಮಾತಿಗೆ ಶುರುಮಾಡಿ, ಕಲಿಯುವ ಆಸೆ ಹೇಳಿ. ಒಪ್ಪಿದರೆ ವೀಳ್ಯ, ದಕ್ಷಿಣೆ ಇಟ್ಟು ಪಾಠಕ್ಕೆ ಕೂರಿ. ಅವರ ಹಿಂದೆ ನಿಂತು ತಾಳ ಹಾಕು ಎಂದರೆ ಹಾಕಿ. ಅಂಗಳದಲ್ಲಿ ಊದುವುದು ಯಾವಾಗ ಎಂದು ತೀರ್ಮಾನಿಸುವವರು ಅವರು.

ಈಗ ಎಷ್ಟೋ ಗೃಹಪ್ರವೇಶಗಳಲ್ಲಿ ಪೆನ್‌ಡ್ರೈವಿನ ವಾದ್ಯವೇ ಮೊಳಗುತ್ತಿದೆ. ನೀವು ಊದಲು ಕಲಿತರೂ ಸರಿ, ಬರೀ ಕೇಳುಗರಾಗಿ ಉಳಿದರೂ ಸರಿ, ನಿಮ್ಮ ಮನೆಯ ಮುಂದಿನ ಶುಭಕಾರ್ಯಕ್ಕೆ ಊರಿನ ವಾದ್ಯದವರನ್ನು ಮೊದಲೇ ಹೇಳಿ ಕರೆಸಿ, ಜನರು ಕೂರುವ ಜಾಗದ ಹತ್ತಿರವೇ ಅವರಿಗೂ ಕುರ್ಚಿ ಹಾಕಿಸಿ.